ಹಳೆಯ ಕಾರಿನ ಮುಂದಣ ಅಚ್ಚು

ನಮ್ಮ ಹಳ್ಳಿಯ ಎತ್ತಿನ ಗಾಡಿಯಲ್ಲಿ ಅಚ್ಚಿಗೆ ಇರುವ ಕೆಲಸ ಒಂದೇ. ಹೊರೆಯನ್ನು ಹೊತ್ತು ಅದನ್ನು ಗಾಲಿಗಳಿಗೆ ದಾಟಿಸಿದರೆ ಅದರ ಕರ್ತವ್ಯ ಮುಗಿಯಿತು. ಗಾಡಿ ಯಾವ ಕಡೆಗೆ ಹೊರಳಬೇಕೆಂಬುದನ್ನು ಎತ್ತುಗಳು ನೋಡಿಕೊಳ್ಳುತ್ತವೆ. ಎಲ್ಲಿ ನಿಲ್ಲಬೇಕೆಂಬುದನ್ನೂ ಅವೇ ನೋಡಿಕೊಳ್ಳುತ್ತವೆ. ಕಡಾಣಿ ಭದ್ರವಾಗಿದ್ದು ಕೀಲೆಣ್ಣೆ ಆಗಾಗ ಬೀಳುತ್ತಿದ್ದರೆ ಗಾಡಿಯವನು ತಿಂಗಳುಗಟ್ಟಲೆ ಅಚ್ಚಿನ ಯೋಚನೆಯನ್ನೇ ಮಾಡಬೇಕಾಗಿಲ್ಲ. ಮೋಟಾರು ಕಾರಿನ ಸಂಗತಿ ಹಾಗಲ್ಲ. ಅದರ ಮುಂದಣ ಅಚ್ಚು ಹೊರೆಯನ್ನು ಹೊರಬೇಕು, ಗಾಲಿಗಳು ತಿರುಗಲು ಆಧಾರವಾಗಬೇಕು, ಬ್ರೇಕು ಹಿಡಿದಾಗ ಬೀಳುವ ಪೆಟ್ಟನ್ನೂ ತಾಳಬೇಕು. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಅಪಾಯಕ್ಕೀಡಾಗುವುದು ಚಾಲಕನ ಪ್ರಾಣ, ಒಮ್ಮೊಮ್ಮೆ ದಾರಿಹೋಕರ ಪ್ರಾಣ.

1920 ಮತ್ತು 1930ರ ದಶಕಗಳ ಕಾರುಗಳನ್ನು ಜತನದಿಂದ ಕಾಪಾಡಿ ಓಡಿಸುವ ಹವ್ಯಾಸಿಗಳು ಇಂದು ಲೋಕದ ಅನೇಕ ದೇಶಗಳಲ್ಲಿದ್ದಾರೆ. ಅವರು ಪದೇ ಪದೇ ಎದುರಿಸುವ ಪ್ರಶ್ನೆಗಳಲ್ಲಿ ಒಂದು ಈ ಅಚ್ಚಿನದು. ಸವೆದ ಅಚ್ಚನ್ನು ತೆಗೆದು ಬೇರೊಂದು ವರ್ಷದ, ಬೇರೊಂದು ಮಾದರಿಯ ಅಚ್ಚನ್ನು ಕೂರಿಸಬಹುದೆ? ಕೂರಿಸಿದರೆ ಏನು ಲಾಭ, ಏನು ಹಾನಿ? ಬೇಕಾದ ಬಿಡಿಭಾಗಗಳು ಎಲ್ಲಿ ದೊರೆಯುತ್ತವೆ? ಪ್ರಶ್ನೆ ಕಮ್ಮಟದ್ದಾದರೂ ಉತ್ತರಕ್ಕೆ ರೇಖಾಗಣಿತ, ಬಲವಿಜ್ಞಾನ, ಲೋಹವಿಜ್ಞಾನ ಮೂರೂ ಬೇಕಾಗುತ್ತವೆ. ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಕಾರುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಹೊರಳುವ ಗಾಲಿಗಳ ಲೆಕ್ಕ

ಹಿಂದಿನ ಕಾಲದ ನಾಲ್ಕು ಗಾಲಿಯ ಸಾರೋಟುಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ಒಂದು ನಡುಗೂಟದ ಮೇಲೆ ತಿರುಗುತ್ತಿತ್ತು. ಇದರಿಂದ ಎರಡು ತೊಂದರೆಗಳಿದ್ದವು. ಹೊರಳುವಾಗ ಒಂದು ಗಾಲಿ ಗಾಡಿಯ ಹೊಟ್ಟೆಯ ಕೆಳಗೆ ಸರಿಯುತ್ತಿದ್ದುದರಿಂದ ಗಾಡಿ ಮಗುಚುವ ಭಯವಿತ್ತು. ಒಂದು ಗಾಲಿ ಕಲ್ಲಿಗೆ ಬಡಿದರೆ ಇಡೀ ಅಚ್ಚೇ ತಿರುಗಿಬಿಡುತ್ತಿತ್ತು. ಮ್ಯೂನಿಕ್ ನಗರದ ಸಾರೋಟು ತಯಾರಕನಾದ ಗಿಯೋರ್ಗ್ ಲಂಕೆನ್‌ಸ್ಪೆರ್ಗರ್ ಎಂಬಾತನು ಅಚ್ಚನ್ನು ಅಲುಗದಂತೆ ನಿಲ್ಲಿಸಿ, ಅದರ ಎರಡು ತುದಿಗಳಲ್ಲಿ ಗಾಲಿಗಳು ಮಾತ್ರ ಬೇರೆ ಬೇರೆಯಾಗಿ ಹೊರಳುವಂತೆ ಏರ್ಪಡಿಸಿದನು. ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟು ಪಡೆದವನು ರುಡಾಲ್ಫ್ ಆಕರ್‌ಮನ್. ಆದುದರಿಂದ ಈ ಏರ್ಪಾಡಿಗೆ ಕಂಡುಹಿಡಿದವನ ಹೆಸರು ಬರದೆ ಪೇಟೆಂಟು ಪಡೆದವನ ಹೆಸರೇ ನಿಂತಿತು.

ಇದರ ಹಿಂದಿರುವ ರೇಖಾಗಣಿತ ಸುಲಭವಾದುದು. ಕಾರು ತಿರುವಿನಲ್ಲಿ ಹೋಗುವಾಗ ನಾಲ್ಕು ಗಾಲಿಗಳೂ ಒಂದೇ ಕೇಂದ್ರದ ಸುತ್ತ ವೃತ್ತಗಳನ್ನು ಬರೆಯಬೇಕು. ಒಳಗಿನ ಗಾಲಿಯ ವೃತ್ತ ಚಿಕ್ಕದು, ಹೊರಗಿನದು ದೊಡ್ಡದು. ಆದಕಾರಣ ಒಳಗಿನ ಗಾಲಿಯು ಹೊರಗಿನದಕ್ಕಿಂತ ಹೆಚ್ಚಾಗಿ ಹೊರಳಬೇಕು. ಎಷ್ಟು ಹೆಚ್ಚಾಗಿ? ಗಾಲಿಗಳು ಹೊರಳುವ ಎರಡು ಕೀಲುಗಳ ನಡುವಣ ದೂರ 50 ಅಂಗುಲವೆಂದೂ, ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ದೂರ 100 ಅಂಗುಲವೆಂದೂ ಇಟ್ಟುಕೊಳ್ಳೋಣ. ಹೊರಗಾಲಿಯ ಕೋನದ ಕೋಟ್ಯಾಂಜೆಂಟಿನಿಂದ ಒಳಗಾಲಿಯ ಕೋನದ ಕೋಟ್ಯಾಂಜೆಂಟನ್ನು ಕಳೆದರೆ ಬರುವ ಶೇಷವು ಈ ಎರಡು ದೂರಗಳ ನಿಷ್ಪತ್ತಿಗೆ, ಎಂದರೆ 0.5ಕ್ಕೆ, ಸಮನಾಗಿರಬೇಕು. ಒಳಗಾಲಿ 30 ಡಿಗ್ರಿ ಹೊರಳಿದರೆ ಅದರ ಕೋಟ್ಯಾಂಜೆಂಟು 1.732; ಅದಕ್ಕೆ 0.5 ಸೇರಿಸಿದರೆ 2.232. ಕೋಷ್ಟಕದಲ್ಲಿ ನೋಡಿದರೆ ಇದು ಸುಮಾರು 24 ಡಿಗ್ರಿಯ ಕೋನ. ಎರಡು ಗಾಲಿಗಳಿಗೂ 6 ಡಿಗ್ರಿಯ ಅಂತರವಿದ್ದರೆ ಮಾತ್ರ ಟೈರುಗಳು ನೆಲವನ್ನು ಉಜ್ಜದೆ ಉರುಳುತ್ತವೆ.

ಈ ಅಂತರವನ್ನು ತರುವ ಉಪಾಯ ಇನ್ನೂ ಸೊಗಸಾದುದು. ಗಾಲಿಗಳ ಕೀಲಿನಿಂದ ಹಿಂದಕ್ಕೆ ಚಾಚಿದ ಎರಡು ತೋಳುಗಳನ್ನು ಒಂದು ಅಡ್ಡಸರಳು ಜೋಡಿಸುತ್ತದೆ. ತೋಳುಗಳನ್ನು ನೇರವಾಗಿ ಹಿಂದಕ್ಕೆ ಚಾಚದೆ ಸ್ವಲ್ಪ ಒಳಕ್ಕೆ ಓರೆಯಾಗಿಡುತ್ತಾರೆ. ಅವುಗಳ ರೇಖೆಗಳನ್ನು ಬೆಳೆಸಿದರೆ ಅವು ಹಿಂದಿನ ಅಚ್ಚಿನ ನಡುವೆ ಹತ್ತಿರ ಹತ್ತಿರ ಕೂಡಬೇಕು. ಹಾಗಿದ್ದರೆ ಒಳಗಾಲಿ ತಾನಾಗಿಯೇ ಹೆಚ್ಚು ಹೊರಳುತ್ತದೆ. ಅಚ್ಚನ್ನು ಬದಲಾಯಿಸುವವರು ಮೊದಲು ಎಡವುವುದು ಇಲ್ಲಿಯೇ. ಎಂಜಿನ್ನಿಗೆ ಸ್ಥಳ ಸಾಲದೆಂದು ಅಡ್ಡಸರಳನ್ನು ಅಚ್ಚಿನ ಮುಂದಕ್ಕೆ ತಂದು, ತೋಳುಗಳ ಓರೆಯನ್ನು ಮಾತ್ರ ಹಾಗೆಯೇ ಬಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಹೊರಗಾಲಿಯೇ ಹೆಚ್ಚು ಹೊರಳುತ್ತದೆ. ತಿರುವಿನಲ್ಲಿ ಟೈರು ಕಿರುಗುಟ್ಟುತ್ತದೆ, ಬೇಗ ಸವೆಯುತ್ತದೆ.

'ಟಿ' ಮಾದರಿಯಿಂದ 'ಎ' ಮಾದರಿಗೆ

ಹೆನ್ರಿ ಫೋರ್ಡನ 'ಟಿ' ಮಾದರಿಯ ಕಾರು 1908ರಲ್ಲಿ ಮಾರುಕಟ್ಟೆಗೆ ಬಂದಿತು. 1927ರಲ್ಲಿ ಅದರ ತಯಾರಿಕೆ ನಿಲ್ಲುವ ವೇಳೆಗೆ ಒಂದೂವರೆ ಕೋಟಿ ಕಾರುಗಳು ಹೊರಬಿದ್ದಿದ್ದವು. ಹಗುರವಾಗಿದ್ದೂ ಗಟ್ಟಿಯಾಗಿರಬೇಕೆಂಬುದು ಆ ಕಾರಿನ ಮೂಲಮಂತ್ರ. 1905ರಲ್ಲಿ ಪಾಮ್ ಬೀಚಿನ ಪಂದ್ಯವೊಂದರಲ್ಲಿ ನುಚ್ಚುನೂರಾದ ಫ್ರೆಂಚ್ ಕಾರಿನ ಚಿಕ್ಕದೊಂದು ತುಂಡನ್ನು ಕೈಗೆತ್ತಿಕೊಂಡು, ಅದರ ಹಗುರತನಕ್ಕೂ ಗಡಸಿಗೂ ಬೆರಗಾಗಿ, ಅದು ವನೇಡಿಯಮ್ ಬೆರೆತ ಉಕ್ಕೆಂದು ಪತ್ತೆ ಮಾಡಿಸಿದ ಪ್ರಸಂಗವನ್ನು ಫೋರ್ಡನು ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. 'ಟಿ' ಕಾರಿನ ಮುಂದಣ ಅಚ್ಚನ್ನು ಈ ಬಗೆಯ ಉಕ್ಕಿನಿಂದಲೇ ಅಚ್ಚಿನಲ್ಲಿ ಬಡಿದು ಮಾಡುತ್ತಿದ್ದರು. ತಣ್ಣಗಿರುವಾಗಲೇ ಹಗ್ಗದಂತೆ ಹುರಿಗೊಳಿಸಿದರೂ ಮುರಿಯದ ಅಚ್ಚಿನ ಚಿತ್ರವನ್ನು ಫೋರ್ಡ್ ಸಂಸ್ಥೆಯು ತನ್ನ ಜಾಹೀರಾತುಗಳಲ್ಲಿ ಹೆಮ್ಮೆಯಿಂದ ತೋರಿಸುತ್ತಿತ್ತು.

ಈ ಅಚ್ಚಿನ ಮೇಲೆ ಒಂದೇ ಒಂದು ಪಟ್ಟಿ ಸ್ಪ್ರಿಂಗು ಅಡ್ಡಲಾಗಿ ಬಿಲ್ಲಿನಂತೆ ಕುಳಿತಿರುತ್ತದೆ. ಅದರ ನಡು ಚೌಕಟ್ಟಿಗೂ ಎರಡು ತುದಿಗಳು ಅಚ್ಚಿನ ತುದಿಗಳ ಬಳಿಗೂ ಸೇರಿರುತ್ತವೆ. ಅಚ್ಚು ಹಿಂದೆ ಮುಂದೆ ಜಾರದಂತೆ ಹಿಡಿಯುವುದು ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಕವಲುಸರಳು. ಕವಲಿನ ಎರಡು ತುದಿಗಳು ಅಚ್ಚನ್ನು ಹಿಡಿದರೆ, ಒಂದುಗೂಡಿದ ತುದಿಯಲ್ಲಿರುವ ಗುಂಡು ಎಂಜಿನ್ನಿನ ಅಡಿಯ ಬಟ್ಟಲೊಂದರಲ್ಲಿ ಕೂರುತ್ತದೆ. ರಸ್ತೆಯಲ್ಲದ ರಸ್ತೆಯಲ್ಲಿ ಒಂದು ಗಾಲಿ ದಿಣ್ಣೆಯೇರಿ ಇನ್ನೊಂದು ಹಳ್ಳಕ್ಕಿಳಿದರೂ ಅಚ್ಚು ಮತ್ತು ಕವಲುಸರಳು ಒಟ್ಟಾಗಿ ಆ ಗುಂಡಿನ ಸುತ್ತ ಹೊರಳಿಕೊಳ್ಳುತ್ತವೆ; ಯಾವ ಭಾಗವೂ ತಿರುಚಿಕೊಳ್ಳುವುದಿಲ್ಲ. ಮೊದಲ ವರ್ಷಗಳಲ್ಲಿ ಈ ಕವಲು ಅಚ್ಚಿನ ಮೇಲ್ಗಡೆ ಸೇರುತ್ತಿತ್ತು. ಗಾಲಿಗೆ ಬಲವಾದ ಪೆಟ್ಟು ಬಿದ್ದಾಗ ಅಚ್ಚಿನ ಕೆಳಭಾಗ ಹಿಂದಕ್ಕೆ ಮಡಿಸಿಕೊಳ್ಳುವ ಸಂಭವವಿದ್ದುದರಿಂದ 1919ರ ಕಾರುಗಳಿಂದೀಚೆಗೆ ಅದನ್ನು ಅಚ್ಚಿನ ಕೆಳಗೆ ಜೋಡಿಸಿದರು. ಇಂದಿಗೂ ಅದಕ್ಕಿಂತ ಹಿಂದಿನ ಕಾರಿನ ಒಡೆಯರು ಕೆಳಗೊಂದು ಆಸರೆಯ ಸರಳನ್ನು ಸೇರಿಸುವುದೋ ಈಚಿನ ಅಚ್ಚನ್ನೇ ತಂದು ಕೂರಿಸುವುದೋ ಉಂಟು. ಅಚ್ಚು ಬದಲಾಯಿಸುವ ಕೆಲಸದ ಮೊದಲ ಉದಾಹರಣೆ ಇದೇ.

'ಟಿ' ಕಾರಿಗೆ ಮುಂದಿನ ಗಾಲಿಗಳಲ್ಲಿ ಬ್ರೇಕು ಇರಲಿಲ್ಲ. ಕಾಲಿನ ಬ್ರೇಕು ಗೇರಿನ ಪೆಟ್ಟಿಗೆಯಲ್ಲಿಯೂ ಕೈಬ್ರೇಕು ಹಿಂದಿನ ಗಾಲಿಗಳಲ್ಲಿಯೂ ಕೆಲಸ ಮಾಡುತ್ತಿದ್ದವು. 1927ರ ಡಿಸೆಂಬರಿನಲ್ಲಿ ಬಂದ 'ಎ' ಮಾದರಿಯಲ್ಲಿ ನಾಲ್ಕು ಗಾಲಿಗಳಿಗೂ ಬ್ರೇಕು ಬಂದಿತು. ಇದರಿಂದ ಮುಂದಣ ಅಚ್ಚಿನ ಜಾತಕವೇ ಬದಲಾಯಿತು. ಪ್ರತಿ ಮುಂಗಾಲಿಯ ಬ್ರೇಕು ನೆಲದ ಮೇಲೆ 300 ಪೌಂಡಿನ ಬಲವನ್ನು ಹಾಕಿತೆಂದೂ ಗಾಲಿಯ ತ್ರಿಜ್ಯ 15 ಅಂಗುಲವೆಂದೂ ಇಟ್ಟುಕೊಂಡರೆ, ಅಚ್ಚಿನ ತುದಿಯನ್ನು ತಿರುಚುವ ಶಕ್ತಿ 4500 ಪೌಂಡ್-ಅಂಗುಲ. ಎರಡು ಕಡೆಗೂ ಸೇರಿ 9000. ಕವಲುಸರಳು 45 ಅಂಗುಲ ಉದ್ದವಿದ್ದರೆ ಅದರ ಗುಂಡನ್ನು ಮೇಲಕ್ಕೆತ್ತಲು ಹವಣಿಸುವ ಬಲ 200 ಪೌಂಡು. 'ಟಿ' ಕಾರಿನ ಸಣ್ಣ ಅಚ್ಚು ಇಂತಹ ತಿರುಚನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದುದಲ್ಲ. 'ಎ' ಕಾರಿನಲ್ಲಿ ಅಚ್ಚು, ಕವಲು, ಗಾಲಿಯ ಕೀಲು ಎಲ್ಲವೂ ಹೆಚ್ಚು ದಪ್ಪವಾದುವು.

ಅದರಲ್ಲಿದ್ದ ಒಂದು ಜಾಣ್ಮೆಯನ್ನು ಇಲ್ಲಿ ಹೇಳಬೇಕು. ಮುಂಗಾಲಿಯು ಹೊರಳುವುದು ಕಿಂಗ್‌ಪಿನ್ನು ಎಂಬ ನಿಂತ ಗೂಟದ ಸುತ್ತ. ಹೊರಳುವ ಗಾಲಿಗೆ ಸರಳಿನ ಮೂಲಕ ಬ್ರೇಕಿನ ಎಳೆತವನ್ನು ತಲಪಿಸುವುದು ಹೇಗೆ? ಗಾಲಿ ಹೊರಳಿದಾಗ ಸರಳಿನ ಉದ್ದ ಹೆಚ್ಚು ಕಡಿಮೆಯಾಗಬಾರದಲ್ಲವೆ? 'ಎ' ಕಾರಿನಲ್ಲಿ ಕಿಂಗ್‌ಪಿನ್ನನ್ನು ಟೊಳ್ಳು ಮಾಡಿ, ಅದರ ನಡುವಿನಿಂದ ಒಂದು ಕಡ್ಡಿಯನ್ನು ಕೆಳಕ್ಕೆ ಒತ್ತಿ ಬ್ರೇಕನ್ನು ಹಿಡಿಸಿದರು. ಕಡ್ಡಿಯು ಹೊರಳುವಿಕೆಯ ಅಕ್ಷದಲ್ಲಿಯೇ ಇರುವುದರಿಂದ ಗಾಲಿ ಯಾವ ಕಡೆ ಹೊರಳಿದರೂ ಬ್ರೇಕಿಗೆ ಬಾಧೆಯಿಲ್ಲ. ಆದರೆ ಕಡ್ಡಿ, ಕೊಕ್ಕೆ, ಕೀಲುಗಳು ಒಂದೊಂದೂ ಕೂದಲೆಳೆಯಷ್ಟು ಸವೆದರೂ ಸವೆತಗಳೆಲ್ಲ ಕೂಡಿಕೊಂಡು ಚಾಲಕನ ಕಾಲಿನ ಒತ್ತಡವೆಲ್ಲ ದಾರಿಯಲ್ಲಿಯೇ ಸೋರಿಹೋಗುತ್ತದೆ.

ಬದಲಾಯಿಸುವ ಆಸೆ ಹುಟ್ಟಿದುದು ಹೇಗೆ?

ದ್ರವದ ಒತ್ತಡದಿಂದ ಕೆಲಸ ಮಾಡುವ ಬ್ರೇಕಿನಲ್ಲಿ ಈ ತೊಡಕಿಲ್ಲ. ಪಾಸ್ಕಲನ ನಿಯಮದಂತೆ ಒತ್ತಡವು ದ್ರವದಲ್ಲಿ ಎಲ್ಲ ಕಡೆಗೂ ಸಮನಾಗಿ ಹರಡುವುದರಿಂದ ನಾಲ್ಕು ಗಾಲಿಗಳಿಗೂ ಸಮಪಾಲು ದೊರೆಯುತ್ತದೆ. ಹೊರಳುವ ಗಾಲಿಗೆ ರಬ್ಬರಿನ ಕೊಳವೆ ಸಾಕು. 1921ರ ಡ್ಯೂಸೆನ್‌ಬರ್ಗ್, 1924ರ ಕ್ರೈಸ್ಲರ್ ಕಾರುಗಳಲ್ಲಿ ಇದು ಆಗಲೇ ಬಂದಿದ್ದರೂ ಫೋರ್ಡನು ಇದನ್ನು ಒಪ್ಪಿಕೊಂಡುದು 1939ರ ಕಾರುಗಳಲ್ಲಿ. ವೇಗ ಇಮ್ಮಡಿಯಾದರೆ ನಿಲ್ಲಿಸಬೇಕಾದ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಗಂಟೆಗೆ 30 ಮೈಲಿಯಲ್ಲಿ ಸಮಾಧಾನಕರವಾಗಿ ನಿಲ್ಲುವ ಹಳೆಯ ಕಾರು 60 ಮೈಲಿಯಲ್ಲಿ ಭಯ ಹುಟ್ಟಿಸುವುದು ಈ ಕಾರಣದಿಂದಲೇ.

ಎರಡನೆಯ ಮಹಾಯುದ್ಧದ ಹಿಂದು ಮುಂದಿನ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಹಳೆಯ ಫೋರ್ಡುಗಳನ್ನು ಅಗ್ಗವಾಗಿ ಕೊಂಡು, ಬತ್ತಿದ ಕೆರೆಗಳ ಬಯಲಿನಲ್ಲಿ ವೇಗದ ಪಂದ್ಯಗಳನ್ನಾಡುತ್ತಿದ್ದರು. ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಬ್ರೇಕೂ ಹೆಚ್ಚಬೇಕಾಯಿತು. 1939 ಮತ್ತು ಅನಂತರದ ಫೋರ್ಡಿನ ದ್ರವಬ್ರೇಕುಗಳನ್ನು 'ಎ' ಕಾರಿಗೆ ಜೋಡಿಸುವ ಪದ್ಧತಿ ಹೀಗೆ ಬೆಳೆಯಿತು. ಕಾರು ನೆಲಕ್ಕೆ ತಗ್ಗಿದಷ್ಟೂ ಒಳ್ಳೆಯದೆಂದು ಅಚ್ಚಿನ ತುದಿಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಮೇಲಕ್ಕೆ ಬಗ್ಗಿಸಿ ಎಳೆಯುವ ಕಮ್ಮಾರರೂ ಅಲ್ಲಿದ್ದರು. ಹಾಗೆ ಮಾಡಿದ ಅಚ್ಚಿನಿಂದ ಕಾರಿನ ಮುಂಭಾಗ ಎರಡರಿಂದ ನಾಲ್ಕು ಅಂಗುಲ ತಗ್ಗುತ್ತಿತ್ತು.

ಈ ಬದಲಾವಣೆಗಳಲ್ಲಿ ಯಾವುದೂ ಬಿಡಿಯಾಗಿ ನಿಲ್ಲುವುದಿಲ್ಲ. 1935ರಲ್ಲಿ ಫೋರ್ಡ್ ಕಾರಿನ ಸ್ಪ್ರಿಂಗು ಅಚ್ಚಿನ ಮೇಲಿನಿಂದ ಅದರ ಮುಂದಕ್ಕೆ ಸರಿಯಿತು. ಆದುದರಿಂದ ಆ ವರ್ಷದ ಅನಂತರದ ಅಚ್ಚು ಮತ್ತು ಕವಲುಗಳನ್ನು ಹಾಗೆಯೇ ತಂದು 'ಎ' ಕಾರಿನ ಅಡಿಗೆ ಕೂರಿಸಿದರೆ ಗಾಲಿಗಳು ಇರಬೇಕಾದ ಸ್ಥಳದಲ್ಲಿ ಇರುವುದಿಲ್ಲ. ಅಚ್ಚಿನ ದಪ್ಪ ಹೆಚ್ಚಿದ್ದರೆ ಕವಲಿನ ಬಾಯಿಗೆ ಹಿಡಿಯುವುದಿಲ್ಲ. ಸ್ಪ್ರಿಂಗಿನ ತುದಿಗಳ ನಡುವಣ ದೂರ ಬೇರೆಯಾಗಿದ್ದರೆ ಕೊಂಡಿಗಳು ಓರೆಯಾಗಿ ನಿಂತು ಸ್ಪ್ರಿಂಗು ಬಿಗಿದುಕೊಳ್ಳುತ್ತದೆ. ಅನೇಕರು ಅಚ್ಚನ್ನು ಹಾಗೆಯೇ ಉಳಿಸಿಕೊಂಡು ಗಾಲಿಯ ಕೀಲನ್ನೂ ಬ್ರೇಕನ್ನೂ ಮಾತ್ರ ಬದಲಾಯಿಸುವುದು ಈ ತೊಡಕುಗಳನ್ನು ಕಂಡೇ.

ಒಂದೆರಡು ಡಿಗ್ರಿಯ ಮಹತ್ವ

ಸೈಕಲ್ಲಿನ ಮುಂದಿನ ಕವೆಯು ನೆಟ್ಟಗೆ ನಿಲ್ಲದೆ ಹಿಂದಕ್ಕೆ ವಾಲಿರುವುದನ್ನು ಓದುಗರು ಗಮನಿಸಿರಬಹುದು. ಕಾರಿನ ಕಿಂಗ್‌ಪಿನ್ನೂ ಹಾಗೆಯೇ ಹಿಂದಕ್ಕೆ ವಾಲಿರುತ್ತದೆ. ಅದರ ರೇಖೆಯನ್ನು ಕೆಳಕ್ಕೆ ಬೆಳೆಸಿದರೆ ಅದು ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಸ್ವಲ್ಪ ಮುಂದೆ ನೆಲವನ್ನು ಸೇರುತ್ತದೆ. ಆದುದರಿಂದ ಗಾಲಿ ಯಾವಾಗಲೂ ತನ್ನ ಕೀಲಿನ ಹಿಂದೆ ಹಿಂದೆ ಎಳೆಯಲ್ಪಡುತ್ತದೆ. ಹಗ್ಗ ಕಟ್ಟಿ ಎಳೆದ ಆಟದ ಗಾಡಿಯಂತೆ ತಾನಾಗಿ ನೇರಕ್ಕೆ ಬರುತ್ತದೆ. 'ಎ' ಕಾರಿನಲ್ಲಿ ಈ ಓರೆ ಸುಮಾರು 5 ಡಿಗ್ರಿ. ಗಾಲಿಯ ತ್ರಿಜ್ಯ 15 ಅಂಗುಲವಾದರೆ ಎರಡು ಬಿಂದುಗಳ ನಡುವಣ ದೂರ ಸುಮಾರು 1.3 ಅಂಗುಲ.

ಈಗ ಕಾರಿನ ಮುಂಭಾಗವನ್ನು 4 ಅಂಗುಲ ತಗ್ಗಿಸಿದೆವೆನ್ನೋಣ. 'ಎ' ಕಾರಿನ ಅಚ್ಚುಗಳ ನಡುವಣ ದೂರ 103.5 ಅಂಗುಲ. ಇಡೀ ಚೌಕಟ್ಟು ಮುಂದಕ್ಕೆ ಸುಮಾರು 2.2 ಡಿಗ್ರಿ ಬಾಗುತ್ತದೆ. ಅದರೊಡನೆ ಕವಲೂ ಅಚ್ಚೂ ಬಾಗುತ್ತವೆ. ಉಳಿದ ಓರೆ 2.8 ಡಿಗ್ರಿ ಮಾತ್ರ, 1.3 ಅಂಗುಲವಿದ್ದ ದೂರ ಮುಕ್ಕಾಲು ಅಂಗುಲಕ್ಕಿಳಿಯುತ್ತದೆ. ನೋಟಕ್ಕೆ ಕಾರು ಚೆಲುವಾಗಿ ತಗ್ಗಿ ನಿಂತಿರುತ್ತದೆ. ಆದರೆ ಹೆದ್ದಾರಿಗೆ ಬಂದಾಗ ನೇರಕ್ಕೆ ಬರಲೊಲ್ಲದೆ ಅತ್ತಿತ್ತ ಅಲೆಯುತ್ತದೆ. ಕಳೆದುಹೋದ ಓರೆಯನ್ನು ಕವಲಿನ ಹಿಡಿತದಲ್ಲಿ ಮರಳಿ ತಂದುಕೊಳ್ಳದ ಹೊರತು ಕೆಲಸ ಮುಗಿದಂತಲ್ಲ. ಹಾಗೆಂದು ಓರೆಯನ್ನು ಬೇಕಾದಷ್ಟು ಹೆಚ್ಚಿಸುವಂತೆಯೂ ಇಲ್ಲ. ಹೆಚ್ಚಾದರೆ ಸ್ಟಿಯರಿಂಗ್ ಭಾರವಾಗುತ್ತದೆ, ಗಾಲಿಗಳ ನಡುಕಕ್ಕೂ ಎಡೆಯಾಗುತ್ತದೆ.

ತಿರುಚಿನ ರಹಸ್ಯ

ಕಾಗದದ ಒಂದು ಗಟ್ಟಿ ಕೊಳವೆಯನ್ನು ತೆಗೆದುಕೊಂಡು ಎರಡು ಕೈಗಳಿಂದ ಹಿಡಿದು ತಿರುಚಿ ನೋಡಿ. ಅದು ಜಗ್ಗುವುದಿಲ್ಲ. ಅದೇ ಕೊಳವೆಯನ್ನು ಉದ್ದಕ್ಕೂ ಒಂದು ಕಡೆ ಸೀಳಿ ಮತ್ತೆ ತಿರುಚಿ. ಈಗ ಅದು ಹಣ್ಣಿನ ಸಿಪ್ಪೆಯಂತೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ಕಾಗದ ಅಷ್ಟೇ ಇದೆ, ತೂಕ ಅಷ್ಟೇ ಇದೆ. ಮುಚ್ಚಿದ ಆಕಾರ ತೆರೆದ ಆಕಾರವಾದುದಷ್ಟೇ ವ್ಯತ್ಯಾಸ. ತ್ರಿಜ್ಯವು ದಪ್ಪದ 10 ಮಡಿಯಷ್ಟಿದ್ದರೆ ಮುಚ್ಚಿದ ಕೊಳವೆಯು ಸೀಳಿದ ಕೊಳವೆಗಿಂತ 300 ಮಡಿ ಬಿರುಸಾಗಿರುತ್ತದೆಂದು ಗಣಿತದಿಂದ ತಿಳಿದುಬರುತ್ತದೆ.

ಇದರಿಂದ ಅಚ್ಚಿಗೇನು? ಸಾಮಾನ್ಯವಾದ ಅಚ್ಚನ್ನು ಅಡ್ಡಕೊಯ್ದರೆ ಅದು ಇಂಗ್ಲಿಷಿನ 'ಐ' ಅಕ್ಷರದಂತೆ ಕಾಣುತ್ತದೆ. ಇದು ತೆರೆದ ಆಕಾರ. ಬಾಗಿಸುವ ಬಲಕ್ಕೆ ಚೆನ್ನಾಗಿ ಎದುರು ನಿಲ್ಲುತ್ತದೆ, ತಿರುಚುವ ಬಲಕ್ಕೆ ಸ್ವಲ್ಪ ಮಣಿಯುತ್ತದೆ. ಫೋರ್ಡ್ ಸಂಸ್ಥೆಯು 1937ರಿಂದ ತನ್ನ 60 ಅಶ್ವಶಕ್ತಿಯ ಕಾರುಗಳಲ್ಲಿ ಕೊಳವೆಯ ಅಚ್ಚನ್ನು ಬಳಸಿತು. ಇದು ಹಗುರ, ನೋಡಲೂ ಅಂದ. ಹವ್ಯಾಸಿಗಳು ಇದನ್ನು ಹುಡುಕಿ ತಂದು ಹಳೆಯ ಕಾರಿಗೆ ಕೂರಿಸತೊಡಗಿದರು. ಮೂಲದ ಕವಲುಸರಳಿನೊಡನೆ ಇದ್ದಷ್ಟು ಕಾಲ ಯಾವ ತೊಂದರೆಯೂ ಇಲ್ಲ. ಆದರೆ ಬೇರೆ ಎಂಜಿನನ್ನು ಕೂರಿಸುವುದಕ್ಕಾಗಿ ಕವಲನ್ನು ನಡುವೆ ಕತ್ತರಿಸಿ, ಎರಡು ಸರಳುಗಳನ್ನು ಚೌಕಟ್ಟಿನ ಎರಡು ಪಕ್ಕಗಳಿಗೆ ಬೇರೆ ಬೇರೆಯಾಗಿ ಬಿಗಿಯುವುದುಂಟು. ಆಗ ಒಂದು ಗಾಲಿ ದಿಣ್ಣೆಯೇರಿದರೆ ಅದರ ಕಡೆಯ ಸರಳು ಅಚ್ಚಿನ ತುದಿಯನ್ನು ಒಂದು ಕೋನಕ್ಕೂ ಇನ್ನೊಂದು ಸರಳು ಮತ್ತೊಂದು ಕೋನಕ್ಕೂ ತಿರುಗಿಸುತ್ತವೆ. ನಡುವಣ ಅಚ್ಚು ತಿರುಚಿಕೊಳ್ಳಲೇಬೇಕು. 'ಐ' ಆಕಾರದ ಅಚ್ಚು ಮಣಿದು ತಾಳಿಕೊಳ್ಳುತ್ತದೆ. ಕೊಳವೆ ಮಣಿಯುವುದಿಲ್ಲ, ಆ ಬಲವೆಲ್ಲ ಸರಳಿನ ತುದಿಗಳ ಮೇಲೆ, ಬೆಸುಗೆಗಳ ಮೇಲೆ ಬೀಳುತ್ತದೆ. ಹೆಚ್ಚು ಗಟ್ಟಿಯಾದ ಭಾಗವನ್ನು ಹಾಕಿದ ಮಾತ್ರಕ್ಕೆ ಕಾರು ಹೆಚ್ಚು ಗಟ್ಟಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಗಾಲಿಗಳ ನಡುಕ

ಬುಗುರಿಯು ಸುತ್ತುತ್ತಿರುವಾಗ ಅದನ್ನು ಒಂದು ಕಡೆಗೆ ತಳ್ಳಿದರೆ ಅದು ಆ ಕಡೆಗೆ ಬೀಳದೆ ಅಡ್ಡಲಾಗಿ ವಾಲುತ್ತದೆ. ಓಡುತ್ತಿರುವ ಗಾಲಿಯೂ ಒಂದು ಬುಗುರಿಯೇ. ಗಟ್ಟಿ ಅಚ್ಚಿನ ಒಂದು ತುದಿ ಮೇಲೆದ್ದರೆ ಎರಡು ಗಾಲಿಗಳೂ ಓರೆಯಾಗುತ್ತವೆ. ಓರೆಯಾದೊಡನೆ ಬುಗುರಿಯ ಗುಣದಿಂದ ಅವು ಪಕ್ಕಕ್ಕೆ ಹೊರಳುತ್ತವೆ. ಹೊರಳಿದ ಗಾಲಿಗಳು ಮತ್ತೆ ಅಚ್ಚನ್ನು ಓರೆ ಮಾಡುತ್ತವೆ. ಹೀಗೆ ಒಂದಕ್ಕೊಂದು ಕುಮ್ಮಕ್ಕು ಕೊಡುತ್ತ ಕೆಲವು ಕ್ಷಣಗಳಲ್ಲಿ ಸ್ಟಿಯರಿಂಗ್ ಚಕ್ರ ಕೈಯಿಂದ ಕಿತ್ತುಕೊಳ್ಳುವಷ್ಟು ನಡುಕ ಹುಟ್ಟುತ್ತದೆ. 1920ರ ದಶಕದಲ್ಲಿ ಮೆತ್ತನೆಯ ದಪ್ಪ ಟೈರುಗಳೂ ಮುಂಗಾಲಿಯ ಬ್ರೇಕುಗಳೂ ಬಳಕೆಗೆ ಬಂದ ಮೇಲೆ ಈ ಪಿಡುಗು ಹೆಚ್ಚಿತು. ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಮಾರಿಸ್ ಆಲಿ ಮೊದಲಾದ ಎಂಜಿನಿಯರುಗಳು ಇದನ್ನು ಅಭ್ಯಾಸ ಮಾಡಿ, ಅಚ್ಚನ್ನೇ ತೆಗೆದುಹಾಕಿ ಒಂದೊಂದು ಗಾಲಿಯನ್ನೂ ಬೇರೆ ಬೇರೆಯಾಗಿ ತೂಗುಹಾಕುವುದೇ ಪರಿಹಾರವೆಂದು ಕಂಡರು. 1934ರಲ್ಲಿ ಕ್ಯಾಡಿಲಾಕ್, ಬ್ಯೂಯಿಕ್ ಮುಂತಾದ ಕಾರುಗಳು ಈ ಏರ್ಪಾಡಿನೊಡನೆ ಹೊರಬಂದವು. ಫೋರ್ಡ್ ಸಂಸ್ಥೆ ಮಾತ್ರ ತನ್ನ ಗಟ್ಟಿ ಅಚ್ಚನ್ನು 1948ರ ಕಾರುಗಳವರೆಗೂ ಬಿಡಲಿಲ್ಲ.

ಅಚ್ಚಿರುವ ಹಳೆಯ ಕಾರಿನಲ್ಲಿ ನಡುಕ ಕಾಣಿಸಿದರೆ ಅಚ್ಚನ್ನು ಬದಲಾಯಿಸುವ ಮೊದಲು ಕಿಂಗ್‌ಪಿನ್ನಿನ ಬುಷ್, ಅಡ್ಡಸರಳಿನ ಕೀಲುಗುಂಡು, ಗಾಲಿಯ ಬೇರಿಂಗು, ಟೈರಿನ ಗಾಳಿ ಇವನ್ನು ನೋಡಬೇಕು. ಬಹುಪಾಲು ಸಂದರ್ಭಗಳಲ್ಲಿ ರೋಗವಿರುವುದು ಈ ಚಿಕ್ಕ ಭಾಗಗಳಲ್ಲಿ. ಗಾಲಿಯನ್ನು ನೆಲದಿಂದೆತ್ತಿ ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಕಿಂಗ್‌ಪಿನ್ನಿನ ಸವೆತ ಕೈಗೇ ತಿಳಿಯುತ್ತದೆ.

ಬಿಡಿಭಾಗಗಳ ಹುಡುಕಾಟ

ಇಷ್ಟು ಹಳೆಯ ಕಾರುಗಳಿಗೆ ಬಿಡಿಭಾಗಗಳು ದೊರೆಯುವುದಾದರೂ ಹೇಗೆ? ಇದಕ್ಕೆ ಉತ್ತರ 1908ರ ಒಂದು ಪರೀಕ್ಷೆಯಲ್ಲಿದೆ. ಆ ವರ್ಷ ಇಂಗ್ಲೆಂಡಿನ ಬ್ರೂಕ್‌ಲೆಂಡ್ಸಿನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನೆಲ್ಲ ಒಂದರೊಡನೊಂದು ಬೆರೆಸಿ, ಕೆಲವನ್ನು ತೆಗೆದು ಅಂಗಡಿಯ ದಾಸ್ತಾನಿನಿಂದ ಬೇರೆ ಭಾಗಗಳನ್ನಿಟ್ಟರು. ಅರ ಹಿಡಿದು ಉಜ್ಜುವಂತಿಲ್ಲ ಎಂಬುದು ಕಟ್ಟಳೆ. ಹೀಗೆ ಮರುಜೋಡಿಸಿದ ಕಾರುಗಳು 500 ಮೈಲಿ ಓಡಿ ತೋರಿಸಿದವು. ತಯಾರಕರಿಗೆ ಡ್ಯೂವರ್ ಪಾರಿತೋಷಕ ದೊರೆಯಿತು. ಒಂದೇ ಅಳತೆಯ ಭಾಗಗಳನ್ನು ಲಕ್ಷಗಟ್ಟಲೆ ತಯಾರಿಸಬಹುದೆಂಬುದು ಅಂದು ಲೋಕಕ್ಕೆ ಮನದಟ್ಟಾಯಿತು. ಕೈಯಿಂದ ಒಪ್ಪವಿಟ್ಟು ಕೂರಿಸಿದ ದುಬಾರಿ ಕಾರಿನ ಭಾಗವನ್ನು ಇನ್ನೊಂದು ಕಾರಿಗೆ ಹಾಕಲು ಕುಶಲಕರ್ಮಿ ಬೇಕು. ಫೋರ್ಡಿನ ಭಾಗಕ್ಕೆ ಸರಿಯಾದ ಸಂಖ್ಯೆ ಸಾಕು.

ಈ ಸಂಖ್ಯೆಗಳು ಪುಸ್ತಕಾಲಯದ ವರ್ಗಾಂಕಗಳಂತಿವೆ. ಆ ಕಾಲದ ಫೋರ್ಡಿನಲ್ಲಿ 3010 ಎಂದರೆ ಮುಂದಣ ಅಚ್ಚು. 3115 ಎಂದರೆ ಕಿಂಗ್‌ಪಿನ್ನು. ಸಂಖ್ಯೆಯ ಮುಂದಿರುವ ಗುರುತು ಅದು ಯಾವ ಮಾದರಿಯದೆಂಬುದನ್ನು ಹೇಳುತ್ತದೆ. 'ಎ' ಇದ್ದರೆ 'ಎ' ಮಾದರಿ; 18 ಇದ್ದರೆ 1932ರ ಎಂಟು ಸಿಲಿಂಡರಿನ ಕಾರು; 40 ಇದ್ದರೆ 1933-34; 78 ಇದ್ದರೆ 1937. ಯಾವ ಭಾಗ ಯಾವ ವರ್ಷದವರೆಗೆ ಬದಲಾಗದೆ ಉಳಿಯಿತೆಂಬುದು ಹಳೆಯ ಭಾಗಪಟ್ಟಿಗಳಿಂದ ಕಾಣುತ್ತದೆ. ಬೇರೆ ವರ್ಷದ ಭಾಗ ಹೊಂದೀತೆ ಎಂಬ ಪ್ರಶ್ನೆಗೆ ಊಹೆಯಿಂದಲ್ಲ, ಪಟ್ಟಿಯಿಂದಲೂ ಅಳತೆಕಡ್ಡಿಯಿಂದಲೂ ಉತ್ತರ ಪಡೆಯಬೇಕು.

ಭಾಗಗಳು ಮೂರು ಬಗೆಯವು. ಅಂದೇ ತಯಾರಾಗಿ ಮಾರಾಟವಾಗದೆ ದಾಸ್ತಾನಿನಲ್ಲಿ ಉಳಿದವು ಮೊದಲನೆಯವು. ಇವು ವಿರಳ, ಬೆಲೆಯೂ ಹೆಚ್ಚು. ಗುಜರಿಯಲ್ಲಿ ದೊರೆಯುವ ಬಳಸಿದ ಭಾಗಗಳು ಎರಡನೆಯವು. ಇಂದು ಹೊಸದಾಗಿ ತಯಾರಿಸಿದ ನಕಲುಗಳು ಮೂರನೆಯವು. 'ಟಿ' ಮತ್ತು 'ಎ' ಕಾರುಗಳಿಗೆ ಇಂತಹ ಭಾಗಗಳನ್ನು ಮಾಡಿ ಮಾರುವ ವ್ಯಾಪಾರ ಅಮೆರಿಕದಲ್ಲಿ ಬಹಳ ಬೆಳೆದಿದೆ. ಬುಷ್, ಕಿಂಗ್‌ಪಿನ್ನು, ಕೊಂಡಿಗಳು ಹೊಸವಾದಷ್ಟೂ ಒಳ್ಳೆಯದು. ಆದರೆ ಅಚ್ಚು, ಸ್ಟಿಯರಿಂಗ್ ತೋಳು ಇಂತಹವನ್ನು ಕೊಳ್ಳುವಾಗ ಬಡಿದು ಮಾಡಿದುದೇ ಎರಕ ಹೊಯ್ದುದೇ ಎಂದು ವಿಚಾರಿಸಬೇಕು. ಬಡಿದ ಉಕ್ಕಿನ ಎಳೆಗಳು ಭಾಗದ ಆಕಾರವನ್ನನುಸರಿಸಿ ಹರಿದಿರುತ್ತವೆ. ಪೆಟ್ಟು ಬಿದ್ದರೆ ಬಾಗಿ ಎಚ್ಚರಿಕೆ ಕೊಡುತ್ತದೆ. ಕೀಳು ಎರಕ ಎಚ್ಚರಿಕೆ ಕೊಡದೆ ಮುರಿಯುತ್ತದೆ.

ಭಾರತದವರಿಗೆ ಇನ್ನೊಂದು ತೊಡಕುಂಟು. ಇಲ್ಲಿ ಫೋರ್ಡಿನ ಶಾಖೆಯನ್ನು 1926ರಲ್ಲಿ ಸ್ಥಾಪಿಸಿದುದು ಅಮೆರಿಕದ ಮೂಲಸಂಸ್ಥೆಯಲ್ಲ, ಕೆನಡದ ಫೋರ್ಡ್ ಸಂಸ್ಥೆ. ನಮ್ಮ ರಸ್ತೆಯ ಪದ್ಧತಿಗೆ ತಕ್ಕಂತೆ ಅವು ಬಲಗಡೆ ಸ್ಟಿಯರಿಂಗ್ ಇರುವ ಕಾರುಗಳು. ಅಮೆರಿಕದ ಅಂಗಡಿಯಿಂದ ತರಿಸಿದ ಕಿಂಗ್‌ಪಿನ್ನು, ಬೇರಿಂಗುಗಳು ಸರಿಯಾಗಿ ಕೂರುತ್ತವೆ. ಆದರೆ ಸ್ಟಿಯರಿಂಗ್ ಪೆಟ್ಟಿಗೆಯಿಂದ ಬರುವ ಸರಳು ಹಿಡಿಯುವ ತೋಳು ನಮ್ಮ ಕಾರಿನಲ್ಲಿ ಬಲಗಾಲಿಗೆ ಇರಬೇಕು. ಅಲ್ಲಿಂದ ಬರುವುದು ಎಡಗಾಲಿಯದು. ಕನ್ನಡಿಯ ಪ್ರತಿಬಿಂಬದಂತಿರುವ ಈ ಭಾಗಗಳು ಆಸ್ಟ್ರೇಲಿಯದಂತಹ ದೇಶಗಳಲ್ಲಿ, ಇಲ್ಲವೆ ನಮ್ಮಲ್ಲಿಯೇ ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆಗಳ ಗುಜರಿಯ ರಾಶಿಗಳಲ್ಲಿ ತಾಳ್ಮೆಯಿಂದ ಹುಡುಕಿದರೆ ದೊರೆಯಬೇಕು. ಎಡದ ತೋಳನ್ನು ಕಾಯಿಸಿ ಬಗ್ಗಿಸಿ ಬಲಕ್ಕೆ ಹೊಂದಿಸುವ ಪ್ರಲೋಭನೆಗೆ ಮಾತ್ರ ಯಾರೂ ಒಳಗಾಗಬಾರದು.

ಕಾಣದ ಬಿರುಕು

ಹೀಗೇಕೆ ಹೇಳಬೇಕು? 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸಿನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿಯಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಚ್ಚು ಹೊರುತ್ತಿದ್ದ ಹೊರೆ ಅದರ ಶಕ್ತಿಯನ್ನು ಮೀರಿದುದಾಗಿರಲಿಲ್ಲ. ಸಣ್ಣ ಹೊರೆಯೇ ಲಕ್ಷಾಂತರ ಬಾರಿ ಬಂದು ಹೋಗುವುದರಿಂದ ಲೋಹ ದಣಿಯುತ್ತದೆಂಬುದನ್ನು ಅನಂತರ ಜರ್ಮನಿಯ ಆಗಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರು ಪ್ರಯೋಗಗಳಿಂದ ಸ್ಥಾಪಿಸಿದನು. ದಣಿವಿನ ಬಿರುಕು ಮೂಲೆಯಲ್ಲೋ ಗೀಚಿನಲ್ಲೋ ಹುಟ್ಟಿ ಸದ್ದಿಲ್ಲದೆ ಬೆಳೆಯುತ್ತದೆ. ತೊಂಬತ್ತು ವರ್ಷ ಹಳೆಯದಾದ ಅಚ್ಚು ಎಷ್ಟು ಹಳ್ಳಗಳನ್ನು ಕಂಡಿದೆಯೋ, ಎಷ್ಟು ಬಾರಿ ಬಾಗಿ ನೆಟ್ಟಗಾಗಿದೆಯೋ ಬಲ್ಲವರಾರು?

ಹಳೆಯ ಕಮ್ಮಟಗಳಲ್ಲಿ ಒಂದು ಸರಳ ಪರೀಕ್ಷೆಯಿತ್ತು. ಭಾಗವನ್ನು ತೊಳೆದು ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಆಮೇಲೆ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಹುಡಿಯನ್ನು ಬಳಿಯುತ್ತಿದ್ದರು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಬಿರುಕಿನೊಳಗೆ ಸೇರಿದ್ದ ಎಣ್ಣೆ ಒಸರಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತಿತ್ತು. ಇಂದು ಉಕ್ಕನ್ನು ಅಯಸ್ಕಾಂತವಾಗಿ ಮಾಡಿ ಕಬ್ಬಿಣದ ಸಣ್ಣ ಹುಡಿಯನ್ನು ಹಾಯಿಸುತ್ತಾರೆ. ಬಿರುಕಿನ ಬಳಿ ಅಯಸ್ಕಾಂತದ ಬಲರೇಖೆಗಳು ಹೊರಚೆಲ್ಲುವುದರಿಂದ ಹುಡಿ ಅಲ್ಲಿ ಸಾಲುಗಟ್ಟುತ್ತದೆ. ಇಂತಹ ಪರೀಕ್ಷೆಯಿಲ್ಲದೆ ಯಾವ ಹಳೆಯ ಅಚ್ಚನ್ನೂ ರಸ್ತೆಗಿಳಿಸಬಾರದು. ಅಚ್ಚಿಗೆ ಬೆಸುಗೆ ಹಾಕುವುದು, ಅಂದಕ್ಕಾಗಿ ಕ್ರೋಮಿಯಮ್ ಲೇಪಿಸುವುದು ಇವೂ ಅಪಾಯದ ಕೆಲಸಗಳೇ. ಬೆಸುಗೆಯ ಕಾವು ಉಕ್ಕಿನ ಹದವನ್ನು ಕೆಡಿಸುತ್ತದೆ. ಲೇಪನದ ವೇಳೆ ಉಕ್ಕಿನೊಳಗೆ ಸೇರುವ ಹೈಡ್ರೊಜನ್ ಅದನ್ನು ಪೆಡಸಾಗಿಸಬಲ್ಲದು.

ಮೂಲವೋ ಮಾರ್ಪಾಟೋ?

ಕೊನೆಯದಾಗಿ ಉಳಿಯುವುದು ವಿಜ್ಞಾನದೊಡನೆ ವಿವೇಕವೂ ಉತ್ತರಿಸಬೇಕಾದ ಪ್ರಶ್ನೆ. ಭಾರತ ಸರ್ಕಾರವು 2021ರಲ್ಲಿ ಹೊರಡಿಸಿದ ನಿಯಮಗಳಂತೆ 50 ವರ್ಷಕ್ಕಿಂತ ಹಳೆಯದಾಗಿ ಮೂಲರೂಪದಲ್ಲಿ ಉಳಿದುಬಂದ ವಾಹನಕ್ಕೆ ಪ್ರಾಚೀನ ವಾಹನವೆಂದು ಪ್ರತ್ಯೇಕ ನೋಂದಣಿ ದೊರೆಯುತ್ತದೆ; ಚೌಕಟ್ಟು, ಮೈಕಟ್ಟು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಆದುದರಿಂದ ಚೌಕಟ್ಟನ್ನು ಕತ್ತರಿಸಿ ಮಾಡಿದ ಬದಲಾವಣೆಯು ಕಾರಿನ ಚರಿತ್ರೆಯನ್ನು ಅಳಿಸುವುದಲ್ಲದೆ ಈ ಮನ್ನಣೆಗೂ ಎರವಾಗಬಹುದು. ತಿರುಪು ಬಿಚ್ಚಿದರೆ ಮರಳಿ ಮೊದಲಿನಂತಾಗುವ ಬದಲಾವಣೆಯು ಅಷ್ಟು ದೋಷದ್ದಲ್ಲ. ತೆಗೆದ ಮೂಲ ಅಚ್ಚಿಗೆ ಎಣ್ಣೆ ಸವರಿ, ಚೀಟಿ ಕಟ್ಟಿ ಜೋಪಾನವಾಗಿಟ್ಟರೆ ಮುಂದಿನ ತಲೆಮಾರಿನವರು ಅದನ್ನು ಮತ್ತೆ ಕೂರಿಸಿಕೊಳ್ಳಬಲ್ಲರು.

ವರ್ಷಕ್ಕೆರಡು ಬಾರಿ ಮೆರವಣಿಗೆಯಲ್ಲಿ ನಿಧಾನವಾಗಿ ಸಾಗುವ ಕಾರಿಗೆ ಮೂಲದ ಅಚ್ಚನ್ನೂ ಕಡ್ಡಿಯ ಬ್ರೇಕನ್ನೂ ಹೊಸ ಬುಷ್, ಹೊಸ ಕಿಂಗ್‌ಪಿನ್ನುಗಳೊಡನೆ ಸರಿಪಡಿಸಿದರೆ ಸಾಕು. ಹೆದ್ದಾರಿಯಲ್ಲಿ ಇಂದಿನ ಲಾರಿಗಳ ನಡುವೆ ಓಡಬೇಕಾದ ಕಾರಿಗೆ ದ್ರವಬ್ರೇಕು ಬೇಕೆನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಯಾವುದನ್ನು ಆರಿಸಿದರೂ ಕೋನಗಳನ್ನು ಅಳೆದು, ಬಿರುಕನ್ನು ಪರೀಕ್ಷಿಸಿ, ಒಂದು ಭಾಗದ ಬದಲಾವಣೆ ಉಳಿದ ಭಾಗಗಳಿಗೆ ಏನು ಮಾಡೀತೆಂದು ಯೋಚಿಸಿ ಮುಂದುವರಿಯಬೇಕು. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗುವ ವಿದ್ಯಾರ್ಥಿಗಳು ಥಳಥಳಿಸುವ ದೀಪಗಳನ್ನೂ ಗದ್ದುಗೆಗಳನ್ನೂ ನೋಡಿ ಹಿಂದಿರುಗದೆ, ಸ್ವಲ್ಪ ಬಗ್ಗಿ ಮುಂದಿನ ಗಾಲಿಗಳ ನಡುವೆ ಕಣ್ಣು ಹಾಯಿಸಲಿ. ಒಡೆಯರ ಗಮನಕ್ಕೆ ಬಾರದೆ ಒಂದು ಶತಮಾನ ಕಾಲ ಅವರ ಪ್ರಾಣವನ್ನು ಹೊತ್ತು ತಂದ ಉಕ್ಕಿನ ತುಂಡು ಅಲ್ಲಿದೆ.